ಎರಡು ಗಂಟೆಯ ಮಿಸ್ ಕಾಲ್

ನಾನು ಓದು ನಿಲ್ಲಿಸಿದ್ದು 2009ರಲ್ಲಿ. ಯಾಕೆ ಎಂದು ಕೇಳಿದವರಿಗೆಲ್ಲ "ಹತ್ತನೇ ಕ್ಲಾಸಿಗೆ ಬಿಟ್ಟೆ" ಎಂದಷ್ಟೇ ಹೇಳುತ್ತ ಬಂದೆ. ಹೆಂಡತಿಗೂ ಅಷ್ಟೇ ಹೇಳಿದ್ದು. ಪೂರ್ತಿ ಹೇಳಿದರೆ ನಗುತ್ತಾರೆ ಎಂಬ ಭಯ ಇತ್ತು. ಈಗ ನಗಬೇಕಾದವರು ಯಾರನ್ನು ನೋಡಿ ನಗಬೇಕೋ ಅವನನ್ನು ನೋಡಿ ನಕ್ಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ, ನಾಲೆಯ ಮಗ್ಗುಲಲ್ಲಿದೆ. ಮನೆಯಲ್ಲಿ ಎರಡು ಎಮ್ಮೆ ಇದ್ದವು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬರುವುದು ಏಳನೇ ಕ್ಲಾಸಿನಿಂದಲೂ ನನ್ನ ಕೆಲಸ. ಹಾಗಾಗಿ ರಾತ್ರಿ ಮುದ್ದೆ ಉಂಡು ಕೈ ತೊಳೆದವನಿಗೆ ಒಂಬತ್ತೂವರೆಗೆಲ್ಲ ನಿದ್ದೆ. ಆ ನಿದ್ದೆ ಎಂಥದೆಂದರೆ, ಪಕ್ಕದಲ್ಲಿ ಟ್ರಾಕ್ಟರು ಓಡಿಸಿದರೂ ಏಳುತ್ತಿರಲಿಲ್ಲ, ಆದರೆ ಐದಕ್ಕೆ ಸರಿಯಾಗಿ ಎಮ್ಮೆ ಒಂದು ಸಲ ಉಸಿರು ಬಿಟ್ಟರೆ ಕಣ್ಣು ಬಿಡುತ್ತಿದ್ದೆ.

ಶಾಲೆಯಲ್ಲಿ ನಾವು ಮೂವರು ಜೊತೆ. ನಾನು, ಮೇಷ್ಟ್ರ ಮಗ, ಅಂಗಡಿಯವರ ಹುಡುಗ. ಮೇಷ್ಟ್ರು ಬೇರೆ ಊರಿನ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದರು. ಅವರ ಮನೆಗೆ ಮಹಡಿ ಇತ್ತು, ಮಗನಿಗೆ ಬೇರೆಯದೇ ಕೋಣೆ ಇತ್ತು. ಕೆಳಗೆ ಅಜ್ಜಿ ಮಲಗುತ್ತಿದ್ದರು. ಹತ್ತನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ನನಗೆ ಮೇಷ್ಟ್ರ ಮಗನಿಗಿಂತ ನಾಲ್ಕು ಅಂಕ ಜಾಸ್ತಿ ಬಂತು. ಎಮ್ಮೆ ಸಗಣಿ ಬಾಚಿ ಬರುವವನಿಗೆ ಮೇಷ್ಟ್ರ ಮಗನಿಗಿಂತ ಜಾಸ್ತಿ! ಹೆಡ್ಮಾಸ್ಟರು ಪ್ರೇಯರಿನಲ್ಲೇ ಹೇಳಿದರು. ನನ್ನ ಎದೆ ಉಬ್ಬಿದ್ದು ಮೂರು ದಿನ ಇಳಿಯಲಿಲ್ಲ.

ನಾಲ್ಕನೇ ದಿನ ಮೇಷ್ಟ್ರ ಮಗ ಕೇಳಿದ.

"ನೀನು ಎಷ್ಟೊತ್ಗೆ ಮನೀಕತೀಯ್ಲಾ?"

"ಒಂಬತ್ತೂವರೆ."

"ಥೂ! ನಮ್ಮಜ್ಜಿನೂ ಅಷ್ಟೊತ್ಗೆ ಮನಗಾಕಿಲ್ಲ ಕಣ್ಲಾ. ಎಸ್ಸೆಲ್ಸಿ ಓದೋನ್ಗೆ ಎರ್ಡು ಗಂಟೆ ನಿದ್ದೆ ಸಾಕು. ನಾನು ಎರ್ಡೇ ಗಂಟೆ ಮನಗಾದು, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನಂಬಿದೆ. ಗಣಿತ ಬರುತ್ತಿದ್ದವನಿಗೆ ಇಷ್ಟು ಚಿಕ್ಕ ಲೆಕ್ಕ ಹೊಳೆಯಲಿಲ್ಲ: ಎರಡೇ ಗಂಟೆ ಮಲಗುವವನ ಕೆನ್ನೆ ಅಷ್ಟು ಕೆಂಪಗೆ, ಕಣ್ಣು ಅಷ್ಟು ಬೆಳ್ಳಗೆ ಇರುವುದು ಹೇಗೆ?

ಅವನೇ ಒಂದು ಕಟ್ಟುಪಾಡು ಮಾಡಿದ. ಆಗ ಮನೆಗೊಂದು ಮೊಬೈಲು, ಕರೆನ್ಸಿ ಖರ್ಚಾಗಬಾರದೆಂದು ಎಲ್ಲದಕ್ಕೂ ಮಿಸ್ ಕಾಲ್. ಬಸ್ಸು ಹತ್ತಿದೆ ಎನ್ನಲು ಒಂದು, ಊಟಕ್ಕೆ ಬಾ ಎನ್ನಲು ಎರಡು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅವನು ನಮಗೆ ಮಿಸ್ ಕಾಲ್ ಕೊಡುವುದು. ಐದು ನಿಮಿಷದೊಳಗೆ ನಾವು ತಿರುಗಿ ಕೊಡಬೇಕು. ಕೊಡದವನು ಮಲಗಿದ ಎಂದು ಅರ್ಥ. ಅವನು ಮಾರನೆಯ ದಿನ ಉಳಿದವರ ಬ್ಯಾಗು ಹೊರಬೇಕು, ಇಡೀ ದಿನ ಎಲ್ಲರೂ ಅವನನ್ನು ಎಮ್ಮೆ ಎಂದು ಕರೆಯಬೇಕು.

ಅಂಗಡಿಯವರ ಹುಡುಗ ಮೂರನೇ ದಿನವೇ ಕೈ ಎತ್ತಿದ. "ನಂಗಾಗಾಕಿಲ್ಲ ಕಣ್ರಪ್ಪ. ಬ್ಯಾಗ್ ತತ್ತಾ ಇಲ್ಲಿ, ನಾನು ಎಮ್ಮೇನೇ" ಎಂದು ನಗುನಗುತ್ತ ಮೂರು ಬ್ಯಾಗು ಹೊತ್ತು ಹೋದ. ಮೂವರಲ್ಲಿ ಬುದ್ಧಿ ಇದ್ದವನು ಅವನೊಬ್ಬ. ನನಗೆ ಅದು ಆಗಲಿಲ್ಲ. ಮನೆಯಲ್ಲಿ ನಿಜವಾದ ಎಮ್ಮೆ ಇದ್ದವನಿಗೆ ಎಮ್ಮೆ ಎನ್ನಿಸಿಕೊಳ್ಳುವುದು ಆಗುತ್ತಿರಲಿಲ್ಲ.

ಅಪ್ಪನ ಫೋನನ್ನು ವೈಬ್ರೇಟಿಗೆ ಹಾಕಿ ದಿಂಬಿನ ಕೆಳಗಿಟ್ಟುಕೊಂಡೆ. ಮೊದಲ ವಾರ ನಿದ್ದೆ ಹೋಗಿ ಹೋಗಿ ಎದ್ದೆ. ಎರಡನೇ ವಾರದಿಂದ ಕಾಲ್ ಬರುವ ಮೊದಲೇ ಎಚ್ಚರ. ಪುಸ್ತಕ ತೆರೆದಿರುತ್ತಿತ್ತು, ಅಕ್ಷರ ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಓದಿದ್ದು ಏನೂ ಇಲ್ಲ. ಫೋನು ಗುಂಯ್ ಎಂದರೆ ತಿರುಗಿ ಒತ್ತುವುದು, ಅಷ್ಟೇ. ಅವನಿಗೆ ನಾನು ಎಚ್ಚರ ಇದ್ದೇನೆಂದು ತಿಳಿಸಲು ಎಚ್ಚರ ಇದ್ದೆ.

ಒಂದು ಬೆಳಿಗ್ಗೆ ಎಮ್ಮೆಯ ಪಕ್ಕೆಗೆ ತಲೆ ಆನಿಸಿ ಹಾಲು ಕರೆಯುತ್ತ ಹಾಗೇ ನಿದ್ದೆ ಹೋದೆ. ಎಮ್ಮೆ ಒದೆಯಿತು. ಹಾಲೆಲ್ಲ ಗಂಜಲದ ಜೊತೆ ಹರಿಯಿತು. ಅಪ್ಪ ಬಂದು ನೋಡಿದ.

"ಏನ್ಲಾ ಬಡ್ಡೆತ್ತದೆ, ರಾತ್ರಿಯೆಲ್ಲ ಏನ್ ಕಿಸೀತಿದ್ದೆ?"

"ಓದ್ತಿದ್ದೆ ಕಣಪ್ಪ."

"ಓದಾದ್ ನಾ ಕಾಣೆ. ಕಣ್ಣ ನೋಡು, ಹೆಂಡ ಕುಡ್ದೋನ್ ಕಣ್ಣಿದ್ದಂಗವೆ. ಒಂಬತ್ಗೆ ಬಿದ್ಕೋ, ಇಲ್ದಿದ್ರೆ ಫೋನು ನಾಲೆಗೆ ಎಸೀತೀನಿ."

ಅಪ್ಪನ ಮಾತು ಕಿವಿಗೆ ಹೋಯಿತು, ಮೈಗೆ ಹೋಗಲಿಲ್ಲ. ಹದಿನೈದು ವರ್ಷದ ಹುಡುಗನ ನಿದ್ದೆ ಅಪ್ಪ ಅಮ್ಮನ ಕೈಯಲ್ಲಿ ಇರುವುದಿಲ್ಲ ಎಂಬುದನ್ನು ನಾನು ಆಗಲೇ ಕಲಿತೆ. ಹೊಟ್ಟೆಯ ಹಸಿವು ಮನೆಯವರದು, ಕಣ್ಣಿನ ನಿದ್ದೆ ಗೆಳೆಯರದು. ಅಪ್ಪ ದೊಣ್ಣೆ ತಂದರೂ ಬದಲಾಗದ್ದು ಮೇಷ್ಟ್ರ ಮಗ "ಎಮ್ಮೆ" ಎಂದು ಒಂದು ಸಲ ನಕ್ಕರೆ ಬದಲಾಗುತ್ತಿತ್ತು.

ಕ್ಲಾಸಿನಲ್ಲಿ ನಾನು ತೂಕಡಿಸತೊಡಗಿದೆ. ಅಂಗಡಿಯವರ ಹುಡುಗ ಮೊಣಕೈಯಲ್ಲಿ ತಿವಿದು ಎಬ್ಬಿಸುತ್ತಿದ್ದ. ಅದು ಕಂಡು ಮೇಷ್ಟ್ರ ಮಗ ಇನ್ನೊಂದು ಕಟ್ಟು ಸೇರಿಸಿದ: ಮಲಗಿದವನನ್ನು ಯಾರೂ ಎಬ್ಬಿಸುವ ಹಾಗಿಲ್ಲ.

ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಮೂರು ಮಿಸ್ ಕಾಲಿನ ಬದಲು ಗಂಟೆಗೊಂದು ಬಂತು. ಹನ್ನೊಂದು, ಹನ್ನೆರಡು, ಒಂದು, ಎರಡು, ಮೂರು, ನಾಲ್ಕು. ಅಬ್ಬಾ, ಇವನು ಇವತ್ತು ಕಣ್ಣೇ ಮುಚ್ಚಿಲ್ಲ, ನಾನೊಬ್ಬ ಮಲಗಿದರೆ ಹೇಗೆ ಎಂದು ಆರೂ ಕಾಲಿಗೆ ತಿರುಗಿ ಕೊಟ್ಟೆ. ಐದಕ್ಕೆ ಎಮ್ಮೆ. ಆರೂವರೆಗೆ ಡೈರಿ. ಒಂಬತ್ತಕ್ಕೆ ರಸ್ತೆಗೆ ಬಂದು ಬಸ್ಸು ಹತ್ತಿದೆ. ಪರೀಕ್ಷೆ ಪಾಂಡವಪುರದಲ್ಲಿ. ಆ ಬಸ್ಸು ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗುವುದು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಮೇಷ್ಟ್ರ ಮಗ ಕೂತ, ಹಿಂದಿನ ಸೀಟಿನಲ್ಲಿ ಅಂಗಡಿಯವರ ಹುಡುಗ. ಕಿಟಕಿಯಿಂದ ತಣ್ಣಗೆ ಗಾಳಿ ಬಂತು.

ಆಮೇಲೆ ನನಗೆ ಗೊತ್ತಾಗಿದ್ದು ಕಂಡಕ್ಟರು ಭುಜ ಹಿಡಿದು ಅಲ್ಲಾಡಿಸಿದಾಗ.

"ಏಯ್ ಹುಡ್ಗ, ಇಳೀ. ಲಾಸ್ಟ್ ಸ್ಟಾಪು."

ನಾಗಮಂಗಲದ ಬಸ್ ಸ್ಟ್ಯಾಂಡು. ಗಡಿಯಾರದಲ್ಲಿ ಹನ್ನೊಂದಾಗುತ್ತ ಬಂದಿತ್ತು. ಪರೀಕ್ಷೆ ಹತ್ತೂವರೆಗೆ. ವಾಪಸ್ಸು ಹೋಗಲು ಒಂದು ಗಂಟೆಯ ಮೇಲೆ ಬೇಕು. ಅರ್ಧ ಗಂಟೆ ತಡವಾದರೆ ಗೇಟಿನೊಳಗೆ ಬಿಡುವುದಿಲ್ಲ. ಹಾಲ್ ಟಿಕೆಟ್ಟು ಶರ್ಟಿನ ಜೇಬಿನಲ್ಲಿ ಬೆವರಿಗೆ ಒದ್ದೆಯಾಗಿತ್ತು.

ಬಸ್ಸಿನಲ್ಲಿ ಏನಾಯಿತೆಂದು ಅಂಗಡಿಯವರ ಹುಡುಗ ಮಾರನೆಯ ದಿನ ಅಳುತ್ತ ಹೇಳಿದ. ಪಾಂಡವಪುರ ಬಂದಾಗ ಅವನು ನನ್ನನ್ನು ಎಬ್ಬಿಸಲು ಕೈ ಚಾಚಿದನಂತೆ. ಮೇಷ್ಟ್ರ ಮಗ ಆ ಕೈ ಹಿಡಿದು, "ರೂಲ್ಸ್ ಅಂದ್ರೆ ರೂಲ್ಸು ಕಣ್ಲಾ. ಸ್ಟ್ಯಾಂಡಲ್ಲಿ ಬಸ್ಸು ಹತ್ತು ನಿಮಿಷ ನಿಲ್ತದೆ, ಕಂಡಕ್ಟರ್ ಎಬ್ಬುಸ್ತಾನೆ ಬುಡು" ಎಂದು ಇಳಿಸಿಕೊಂಡು ಹೋದನಂತೆ.

ನಾಗಮಂಗಲದಲ್ಲಿ ನಾನು ಇಳಿದ ಬಸ್ ಸ್ಟ್ಯಾಂಡಿನ ಎದುರಿಗೆ ಹಾಸಿಗೆ ಹೊಲಿಯುವ ಅಂಗಡಿ ಇತ್ತು. ವಯಸ್ಸಾದ ಸಾಹೇಬರೊಬ್ಬರು ಹತ್ತಿ ಹಿಂಜುತ್ತಿದ್ದರು. ನಾನು ಅವರ ಕಟ್ಟೆಯ ಮೇಲೆ ಕೂತೆ.

"ಯಾಕೆ ಬೇಟಾ, ಅಳ್ತಾ ಇದೀಯ?"

"ಅಳ್ತಿಲ್ಲ."

"ಸರಿ, ಅಳ್ತಾ ಇಲ್ಲಾಂದ್ರೆ ಮಲ್ಗು. ನಿನ್ ಕಣ್ಣಲ್ಲಿ ಬಹುತ್ ನಿದ್ದೆ ಬಾಕಿ ಐತೆ."

ಹಿಂಜಿದ ಹತ್ತಿಯ ರಾಶಿಯ ಮೇಲೆ ಬಿದ್ದುಕೊಂಡೆ. ಎದ್ದಾಗ ಸಂಜೆ ನಾಲ್ಕು. ನನ್ನ ಜೀವನದ ಗಣಿತದ ಪರೀಕ್ಷೆ ಮುಗಿದು ಎರಡೂವರೆ ಗಂಟೆಯಾಗಿತ್ತು. ಸಾಹೇಬರು ಟೀ ಕುಡಿಸಿ, ಹತ್ತಿಯ ಎಳೆಗಳನ್ನು ನನ್ನ ತಲೆಯಿಂದ ಒಂದೊಂದಾಗಿ ತೆಗೆದು ಬಸ್ಸು ಹತ್ತಿಸಿದರು.

ಫಲಿತಾಂಶ ಬಂತು. ಮೇಷ್ಟ್ರ ಮಗ ಶಾಲೆಗೇ ಮೊದಲು. ನನಗೆ ಊರಿನಲ್ಲಿ ಹೊಸ ಹೆಸರು. ಡೈರಿಗೆ ಹಾಲಿನ ಕ್ಯಾನು ಹಿಡಿದು ಹೋದರೆ ಕಟ್ಟೆಯ ಮೇಲಿನವರು, "ನಾಗಮಂಗ್ಲ ಬಂದ ಕಣ್ರಲಾ, ದಾರಿ ಬುಡಿ. ಏನ್ಲಾ, ಟಿಕೆಟ್ ಎಲ್ಲಿಗಂಟ ತಗಂಡಿದ್ಯಪ್ಪಾ?" ಎನ್ನುತ್ತಿದ್ದರು. ಹೆಡ್ಮಾಸ್ಟರು ಮನೆಗೇ ಬಂದು, ಎರಡು ತಿಂಗಳಲ್ಲಿ ಮತ್ತೆ ಬರೆಯಬಹುದು, ಫಾರಂ ತುಂಬು ಎಂದರು. ತುಂಬಲಿಲ್ಲ. ತಪ್ಪು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಆ ಇಬ್ಬರು ಗೆಳೆಯರ ಮುಂದೆ ಫೇಲಾದವನು ಎನ್ನಿಸಿಕೊಂಡು ಮತ್ತೆ ಬರೆಯುವುದಕ್ಕಿಂತ ಹತ್ತಿ ಹಿಂಜುವುದು ವಾಸಿ ಎಂದುಕೊಂಡೆ. ಅದೇ ಬಸ್ಸು ಹತ್ತಿದೆ, ಈ ಸಲ ಕೊನೆಯ ಸ್ಟಾಪಿಗೇ ಟಿಕೆಟ್ ತೆಗೆದುಕೊಂಡು, ಕಣ್ಣು ಬಿಟ್ಟುಕೊಂಡು ಹೋದೆ.

ಸಾಹೇಬರ ಹತ್ತಿರ ಆರು ವರ್ಷ ಇದ್ದೆ. ಬೂರುಗದ ಹತ್ತಿ ಯಾವುದು, ಬರೀ ಹತ್ತಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುವುದು ಕಲಿತೆ. ದಬ್ಬಣ ಹಿಡಿದು ಬೆರಳು ಕಲ್ಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹಳೇ ಹಾಸಿಗೆಯನ್ನು ಓದುವುದು ಕಲಿತೆ. ರಿಪೇರಿಗೆ ಬಂದ ಹಾಸಿಗೆ ಬಿಚ್ಚಿದರೆ ಅದರ ಮೇಲೆ ಯಾರು, ಹೇಗೆ, ಎಷ್ಟು ಹೊತ್ತು ಮಲಗುತ್ತಾರೆ ಎಂದು ಹತ್ತಿ ಹೇಳುತ್ತದೆ. ನಿದ್ದೆ ಬರದವನ ಹಾಸಿಗೆಯಲ್ಲಿ ಹತ್ತಿ ಎಲ್ಲ ಕಡೆ ಸರಿದು ಗಂಟು ಗಂಟು. ಚೆನ್ನಾಗಿ ನಿದ್ದೆ ಮಾಡುವವನದು ಒಂದೇ ಕಡೆ ಗುಳಿ, ಒಂದೇ ಭಂಗಿ, ಹತ್ತಿ ಒತ್ತಿ ಒತ್ತಿ ರೊಟ್ಟಿಯ ಹಾಗೆ. ಸಾಹೇಬರು ಹೇಳುತ್ತಿದ್ದರು, "ಆದ್ಮಿ ಸುಳ್ಳು ಹೇಳ್ತಾನೆ ಬೇಟಾ, ಹಾಸಿಗೆ ಹೇಳಲ್ಲ."

ಆಮೇಲೆ ಪಾಂಡವಪುರದಲ್ಲಿ ನನ್ನದೇ ಅಂಗಡಿ ಇಟ್ಟೆ. ಇಟ್ಟು ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಆಟೋದಿಂದ ಒಬ್ಬರು ಅಜ್ಜಿ ಇಳಿದರು, ಹಿಂದೆ ಸುತ್ತಿದ ಹಾಸಿಗೆ. ಮೇಷ್ಟ್ರ ತಾಯಿ. ನಾನು ಗುರುತು ಹಿಡಿದೆ, ಅವರೂ ಹಿಡಿದರು.

"ನೀನು ಎಮ್ಮೆಯವ್ರ ಹುಡ್ಗ ಅಲ್ವೇನಪ್ಪ? ನನ್ ಮೊಮ್ಮಗನ್ ಜೊತೆ ಓದ್ತಿದ್ದೋನು?"

"ಊ ಅಜ್ಜಿ. ಕೂತ್ಕಳಿ."

"ಇದು ಅವನ್ದೇ ಹಾಸ್ಗೆ. ಹೈಸ್ಕೂಲಿಂದ ಇದ್ರ ಮೇಲೇ ಮನಗಿದ್ದ. ಈಗ ಅವ್ನು ಮೈಸೂರಲ್ಲವ್ನೆ. ನಂಗೆ ಬೆನ್ನು ನೋವು, ಹತ್ತಿ ಹಿಂಜಿ ಮೆತ್ಗೆ ಮಾಡ್ಕೊಡು."

ಬಿಚ್ಚಿದೆ. ಒಂದೇ ಗುಳಿ. ಭುಜ, ಸೊಂಟ, ಮಡಿಸಿದ ಮೊಣಕಾಲು, ಎಲ್ಲ ಅಚ್ಚೊತ್ತಿದ ಹಾಗೆ. ಹತ್ತಿ ಹಲಗೆಯಾಗಿತ್ತು. ಅಷ್ಟು ಆಳದ ಗುಳಿ ನಾನು ಆವರೆಗೆ ನೋಡಿರಲಿಲ್ಲ.

"ಅಜ್ಜಿ, ನಿಮ್ ಮೊಮ್ಮಗ ಎರ್ಡು ಗಂಟೆ ಮನಗೋನಲ್ವಾ?"

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಎರ್ಡು ಗಂಟೆಯಾ? ಒಂಬತ್ಗೆ ಬಿದ್ಕಂಡ್ರೆ ಆರ್ಗಂಟೆಗೂ ನೀರ್ ಚುಮುಕ್ಸಿ ಎಬ್ಬುಸ್ಬೇಕಿತ್ತು. ನಂಗೆಲ್ಲಪ್ಪ ನಿದ್ದೆ? ಫೋನು ನನ್ ಕೈಗೆ ಕೊಟ್ಟು, ಅಜ್ಜಿ, ಗಡಿಯಾರ ನೋಡ್ಕಂಡು ಈ ಹಸ್ರು ಗುಂಡಿ ಎರ್ಡು ಸಲ ಒತ್ತು, ಕುಂಯ್ ಅಂದೇಟ್ಗೆ ಕೆಂಪು ಒತ್ತು ಅನ್ನೋನು. ಲೆಕ್ಕದ್ ಪರೀಕ್ಸೆ ಹಿಂದಿನ್ ರಾತ್ರಿ ಗಂಟೆಗೊಂದ್ಸಲ ಒತ್ತು ಅಂದಿದ್ದ. ನೀನೇ ಅಲ್ವಾ ತಿರುಗ್ಸಿ ಮಾಡ್ತಿದ್ದೋನು? ಎಷ್ಟ್ ಬೇಗ ಮಾಡ್ತಿದ್ದಪ್ಪ! ರಾತ್ರಿಯೆಲ್ಲ ಒಬ್ಳೇ ಕೂತಿರೋಳ್ಗೆ ಅದೊಂದು ಜೊತೆ ಇದ್ದಂಗಿತ್ತು."

ನನ್ನ ಕೈಯಲ್ಲಿ ಹತ್ತಿಯ ಹಲಗೆ ಇತ್ತು. ಹರಿದು ಬಿಸಾಡಬೇಕೆನ್ನಿಸಿತು. ಆದರೆ ಎದುರಿಗೆ ಕೂತಿದ್ದ ಮುದುಕಿ ನನ್ನ ಶತ್ರುವಲ್ಲ. ಅವರು ಮತ್ತು ನಾನು ಒಂದು ಚಳಿಗಾಲವಿಡೀ, ಒಬ್ಬರ ಮುಖ ಒಬ್ಬರು ನೋಡದೆ, ಜೊತೆಯಲ್ಲಿ ನಿದ್ದೆಗೆಟ್ಟವರು. ಹಳೇ ಹತ್ತಿಗೆ ಬೂರುಗದ ಹತ್ತಿ ಬೆರೆಸಿ, ಹೊಸ ಪಟ್ಟೆ ಬಟ್ಟೆ ಹಾಕಿ, ನನ್ನ ಕೈಯಾರೆ ಹೊಲಿದು ಮನೆಗೆ ತಲುಪಿಸಿದೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಕೊನೆಯವರೆಗೂ ಅದರ ಮೇಲೆ ಚೆನ್ನಾಗಿ ಮಲಗಿದರಂತೆ. ಅವರು ಹೇಳಿದ ಮಾತನ್ನು ಮಾತ್ರ ನಾನು ಜೋಪಾನವಾಗಿ ಇಟ್ಟುಕೊಂಡೆ. ಕುಡುಗೋಲು ಮಸೆದು ಅಟ್ಟದ ಮೇಲೆ ಇಡುವುದಿಲ್ಲವೆ, ಹಾಗೆ.

ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಪಾಂಡವಪುರದ ಶಾಲೆಯಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಾಳೆ. ಹೋದ ನವೆಂಬರಿನಲ್ಲಿ ಒಂದು ಸಂಜೆ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ನಗುತ್ತ ಹೇಳಿದಳು.

"ಮಾವ, ಇವತ್ತು ಶ್ರೀರಂಗಪಟ್ಟಣದಿಂದ ಒಬ್ರು ಟ್ಯೂಷನ್ ಸರ್ ಬಂದಿದ್ರು, ಹೆಂಗೆ ಓದ್ಬೇಕು ಅಂತ ಹೇಳಕ್ಕೆ. ಅವ್ರು ಎಸ್ಸೆಲ್ಸಿಲಿ ಎರ್ಡೇ ಗಂಟೆ ಮಲಗ್ತಿದ್ರಂತೆ! ಫ್ರೆಂಡ್ಸಿಗೆಲ್ಲ ಮಿಸ್ ಕಾಲ್ ಕೊಟ್ಟು ಎಬ್ಬಿಸ್ತಿದ್ರಂತೆ. ಅದ್ರಲ್ಲಿ ಒಬ್ಬ ನಿದ್ದೆಬಡ್ಕ ಇದ್ನಂತೆ ಮಾವ, ಪರೀಕ್ಷೆ ದಿನ ಬಸ್ಸಲ್ಲೇ ಮಲ್ಕೊಂಡು ನಾಗಮಂಗ್ಲಕ್ಕೆ ಹೋಗ್ಬಿಟ್ನಂತೆ! ಹಾಲ್ ಪೂರ್ತಿ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ನಿದ್ದೆ ಅವ್ನ ಬಾಳು ಹಾಳು ಮಾಡ್ತು, ಈಗ ಎಲ್ಲಿ ಮೂಟೆ ಹೊರ್ತಾವ್ನೋ ಗೊತ್ತಿಲ್ಲ ಅಂದ್ರು."

ನನ್ನ ಹೆಂಡತಿಯೂ ನಕ್ಕಳು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ.

ಆ ವಾರದಿಂದಲೇ ಇವಳೂ ಇವಳ ಇಬ್ಬರು ಗೆಳತಿಯರೂ ಶುರು ಮಾಡಿದರು. ಹನ್ನೆರಡು, ಎರಡು, ನಾಲ್ಕು. ಈಗ ಮಿಸ್ ಕಾಲ್ ಅಲ್ಲ, ವಿಡಿಯೋ ಕಾಲ್, ಮುಖ ತೋರಿಸಬೇಕು. ಹತ್ತು ದಿನದಲ್ಲಿ ಹುಡುಗಿಯ ಕಣ್ಣ ಕೆಳಗೆ ಕಪ್ಪು. ಬೆಳಿಗ್ಗೆ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದಳು. ಫೋನು ಕಿತ್ತುಕೊಳ್ಳುತ್ತೇನೆ ಎಂದು ಬಾಯಿ ತೆರೆದವನು ಮುಚ್ಚಿದೆ. ನಾಲೆಗೆ ಎಸೀತೀನಿ ಎಂದ ಅಪ್ಪನ ಮಾತು ನನ್ನ ಮೇಲೆ ನಡೆದಿತ್ತೆ? ಇಲ್ಲ. ಇದಕ್ಕೆ ಬೇರೆಯೇ ಮದ್ದು ಬೇಕಿತ್ತು. ಆ ಮದ್ದು ನನ್ನ ಬಳಿ ಇತ್ತು.

ಮುಂದಿನ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಮಾತಾಡುವವನು ಅವನೇ, ಮೇಷ್ಟ್ರ ಮಗ. ನಾನು ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತೆ. ಗೋಡೆಯ ಬದಿಗೆ ಮಕ್ಕಳು ಕೂತಿದ್ದರು, ಅವರಲ್ಲಿ ಇವಳೂ. ಅವನು ಸ್ವಲ್ಪ ದಪ್ಪಗಾಗಿದ್ದ, ಕೆನ್ನೆ ಅದೇ ಕೆಂಪು. ನನ್ನ ಗುರುತು ಹಿಡಿಯಲಿಲ್ಲ. ಮತ್ತೆ ಅದೇ ಕಥೆ ಹೇಳಿದ. ನಾಗಮಂಗಲ ಬಂದಾಗ ಸಭೆ ನಕ್ಕಿತು. ನಾನು ನಗುವವರೆಲ್ಲ ಮುಗಿಸಲಿ ಎಂದು ಕಾದೆ. ಪ್ರಶ್ನೆ ಇದ್ದರೆ ಕೇಳಿ ಎಂದ. ಎದ್ದು ನಿಂತೆ.

"ಒಂದೇ ಪ್ರಶ್ನೆ ಸಾ. ಆ ಹಸ್ರು ಗುಂಡಿ ಒತ್ತುತಿದ್ದೋರು ನೀವಾ, ನಿಮ್ಮಜ್ಜಿಯಾ?"

"ಯಾವ... ಯಾವ ಗುಂಡಿ?"

"ಮಿಸ್ ಕಾಲ್ ಗುಂಡಿ. ನಾನೇ ಸಾ, ಬಸ್ಸಲ್ಲಿ ಮನಗಿದ್ದೋನು. ಮೂಟೆ ಹೊರ್ತಿಲ್ಲ, ಇಲ್ಲೇ ಪ್ಯಾಟೆ ಬೀದೀಲಿ ಹಾಸ್ಗೆ ಅಂಗ್ಡಿ ಮಡಗಿವ್ನಿ. ನಿಮ್ ಹಾಸ್ಗೆ ಬಿಚ್ಚಿದ್ದು ಈ ಕೈ. ನಿಮ್ಮಜ್ಜಿ ನನ್ ಅಂಗ್ಡೀಲಿ ಕೂತು ಎಲ್ಲಾ ಹೇಳವ್ರೆ."

ಹಿಂದಿನಿಂದ ಯಾರೋ, "ಏನ್ರಲಾ ಇದು, ಸಿನಿಮಾ ಇದ್ದಂಗದೆ!" ಎಂದರು. ನಾನು ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದೆ. ಹದಿನಾರು ವರ್ಷ ಕಾದು ನೋಡಬೇಕಾದ ಮುಖ ಅದು, ಒಂದು ಕ್ಷಣವೂ ಬಿಡಲು ಮನಸ್ಸಿರಲಿಲ್ಲ. ಕೆನ್ನೆಯ ಕೆಂಪು ಮೊದಲು ಕಿವಿಗೆ ಹೋಯಿತು, ಆಮೇಲೆ ಪೂರ್ತಿ ಇಳಿಯಿತು.

"ಅದೆಲ್ಲ ಹುಡುಗಾಟ..." ಎಂದ.

"ಹುಡುಗಾಟಾನೇ, ಒಪ್ದೆ. ನೀವು ದಿನಾ ಎಷ್ಟು ಗಂಟೆ ಮನಗ್ತಿದ್ರಿ, ಅದೊಂದು ಈ ಮಕ್ಳಿಗೆ ಹೇಳ್ಬುಡಿ. ನಾನು ಕೂತ್ಕತೀನಿ."

ಅವನು ಏನೋ ಗೊಣಗಿದ.

"ಮೈಕಲ್ಲಿ ಹೇಳಿ ಸಾ. ಹಿಂದ್ಗಡೆಯೋರ್ಗೆ ಕೇಳಾಕಿಲ್ಲ."

"ಎಂಟು ಗಂಟೆ," ಎಂದ ಮೈಕಿನಲ್ಲಿ. ಸ್ವಲ್ಪ ತಡೆದು, "ಒಂಬತ್ತು."

ಸಭೆ ನಕ್ಕಿತು. ಮೊದಲು ನಕ್ಕದ್ದಕ್ಕಿಂತ ಜೋರಾಗಿ, ಬಹಳ ಹೊತ್ತು. ನಾನು ಕೂತುಕೊಂಡೆ. ಎಷ್ಟು ಹಿತವಾಗಿತ್ತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಹೊರಗೆ ಸ್ಕೂಟರ್ ಹತ್ತಿರ ಅವನು ಬಂದ. ಒಬ್ಬನೇ. ಕೈ ಹಿಡಿಯಲು ನೋಡಿದ, ನಾನು ಕೀ ಹಿಡಿದುಕೊಂಡಿದ್ದೆ.

"ಅವತ್ತು ಎಬ್ಬಿಸ್ಬೇಕಾಗಿತ್ತು ಕಣೋ," ಎಂದ.

"ಎಬ್ಬಿಸ್ಬೇಕಾಗಿತ್ತು," ಎಂದೆ.

"ಬುಡ್ಲಾ, ಹೋಗ್ಲಿ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನಮ್ಮ ಕಡೆಯವರಿಗೆ ಅದು ಸಲೀಸಾಗಿ ಬರುವ ಮಾತು. ನುಂಗಿದೆ. ಅವನು ಕಾದು, ಕಾದು, ಹೋದ. ಅದಾದ ಮೇಲೆ ನನ್ನ ಅಂಗಡಿಗೆ ಬಂದ ಮೇಷ್ಟ್ರುಗಳಿಗೆ, ಹಾಸಿಗೆ ಅಳತೆ ಬರೆದುಕೊಳ್ಳುತ್ತ, ಈ ಕಥೆಯನ್ನು ನಾನೇ ಹೇಳಿದ್ದೇನೆ. ಕೆ.ಆರ್.ಪೇಟೆಯಲ್ಲಿರುವ ನನ್ನ ಇನ್ನೊಂದು ಅಂಗಡಿಗೆ ಬಂದವರಿಗೂ ಹೇಳಿದ್ದೇನೆ. ಇನ್ನೂ ಹೇಳುತ್ತೇನೆ.

ಸ್ಕೂಟರಿನ ಹಿಂದೆ ಕೂತ ಹುಡುಗಿ ಅರ್ಧ ದಾರಿಯಲ್ಲಿ ಬೆನ್ನಿಗೆ ಹಣೆ ಒತ್ತಿ ಕೇಳಿದಳು.

"ಮಾವ, ಅದು ನೀನೇನಾ? ನಾನು ಅವತ್ತು ನಕ್ಬಿಟ್ನಲ್ಲ."

"ನಕ್ಕಿದ್ದೆ. ಬುಡು."

ಅವನಿಗೆ ಹೇಳದ ಆ ಮಾತನ್ನು ಅವಳಿಗೆ ಹೇಳಿದೆ. ಬೇಗ ಮಲಗು ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಸೋಮವಾರ ಮೂವರು ಹುಡುಗಿಯರೂ ಸೇರಿ ತಮ್ಮ ಕಟ್ಟನ್ನು ತಿರುಗಿಸಿ ಹಾಕಿದ್ದರು. ರಾತ್ರಿ ಹತ್ತರ ಮೇಲೆ ಆನ್‌ಲೈನಿನಲ್ಲಿ ಕಂಡವಳು ಮಾರನೆಯ ದಿನ ಮೂರೂ ಬ್ಯಾಗು ಹೊರಬೇಕು, ಅವಳ ಹೆಸರು ಆ ದಿನಪೂರ್ತಿ "ಟ್ಯೂಷನ್ ಸರ್". ಒಂದು ಸಲ ಇವಳೇ ಹೊತ್ತಳಂತೆ. ಆಮೇಲೆ ಹೊತ್ತಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಪಾಂಡವಪುರದಲ್ಲಿ ಒಂದು ಅಂಗಡಿ, ಕೆ.ಆರ್.ಪೇಟೆಯಲ್ಲಿ ಒಂದು. ಹತ್ತಿ ಹಿಂಜುವ ಯಂತ್ರ ಎರಡು. ಕೆಲಸದವರು ಐದು ಜನ. ದಬ್ಬಣ ಹನ್ನೊಂದು, ಅದರಲ್ಲಿ ಒಂದು ಸಾಹೇಬರದು. ಎಮ್ಮೆ ಒಂದು. ಹತ್ತನೇ ಕ್ಲಾಸಿನ ಅಂಕಪಟ್ಟಿ ಇಲ್ಲ. ಆ ಕಾಲದ ಗೆಳೆಯ ಒಬ್ಬ, ಅಂಗಡಿಯವರ ಹುಡುಗ. ನಿದ್ದೆ, ಒಂಬತ್ತೂವರೆಯಿಂದ ಐದರವರೆಗೆ, ಏಳೂವರೆ ಗಂಟೆ.